ಉಷ್ಣವಲಯದ ಚಿಟ್ಟೆಗಳ ವಿಜ್ಞಾನಿ ಆಗೋದು ಹೇಗೆ?

"ಚಿಟ್ಟೆ ಅಂದ್ರೆ ನನಗೆ ಹುಚ್ಚು. ಅದನ್ನೇ ಕೆಲಸ ಮಾಡ್ಕೋಬೇಕು. ಏನು ಓದಬೇಕು, ಯಾರನ್ನ ಕೇಳಬೇಕು?" ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಶಾಲೆ ಮುಗಿಸುತ್ತಿರುವ ಮಕ್ಕಳು ಕೇಳುತ್ತಾರೆ. ಬೇರೇನೋ ಓದಿ, ಐದಾರು ವರ್ಷ ದುಡಿದು, ಮನಸ್ಸು ಬದಲಾದವರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಅರ್ಧಂಬರ್ಧ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಶುರುವಿನಲ್ಲೇ ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಜಾರು ಮಾಡ್ಕೋಬೇಡಿ. ಚಿಟ್ಟೆ ವಿಜ್ಞಾನಿಗೆ ಚಿಟ್ಟೆ ನೋಡಲು ಸಿಗುವ ಸಮಯ ಕಡಿಮೆ. ವರ್ಷಕ್ಕೆ ಎರಡು ಮೂರು ತಿಂಗಳು ಕಾಡು ಸಿಕ್ಕರೆ ಪುಣ್ಯ. ಉಳಿದದ್ದೆಲ್ಲ ಲ್ಯಾಬು, ಲೆಕ್ಕ, ಬರವಣಿಗೆ, ಅರ್ಜಿ, ಅನುಮತಿ ಪತ್ರ, ಮತ್ತೆ ಅರ್ಜಿ. ಕಾಡಿನಲ್ಲೂ ಹೆಚ್ಚು ಹೊತ್ತು ಎಲೆ ಮಗುಚಿ ಹುಳು ಹುಡುಕುತ್ತಾ ಕೂತಿರುತ್ತೀರಿ. ಇಷ್ಟು ಕೇಳಿಯೂ ಆಸೆ ಇಳಿಯದಿದ್ದರೆ ಮುಂದೆ ಓದಿ.

ಉಷ್ಣವಲಯ ಅಂದರೆ ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಪಟ್ಟಿ. ಅಮೆಜಾನ್, ಕಾಂಗೋ, ಬೋರ್ನಿಯೊ, ಪಪುವಾ ನ್ಯೂಗಿನಿ ಎಲ್ಲ ಇದರೊಳಗೇ ಬರುತ್ತವೆ. ಲೋಕದಲ್ಲಿ ಸುಮಾರು 18,000 ಜಾತಿಯ ಚಿಟ್ಟೆಗಳಿವೆ. ಅವುಗಳಲ್ಲಿ ಬಹುಪಾಲು ಇಲ್ಲಿಯವೇ. ಇಡೀ ಬ್ರಿಟನ್ನಿನಲ್ಲಿ ಇರುವುದು ಸುಮಾರು 60 ಜಾತಿ. ಕೊಲಂಬಿಯಾ ಒಂದರಲ್ಲೇ 3,600ಕ್ಕೂ ಜಾಸ್ತಿ. ಹಾಗಾಗಿ ಇಲ್ಲಿ ಗೊತ್ತಿರುವುದಕ್ಕಿಂತ ಗೊತ್ತಿಲ್ಲದ್ದೇ ಹೆಚ್ಚು. ಎಷ್ಟೋ ಜಾತಿಗಳ ಮರಿಹುಳು ಯಾವ ಗಿಡ ತಿನ್ನುತ್ತದೆ ಅನ್ನುವುದೂ ಯಾರಿಗೂ ಗೊತ್ತಿಲ್ಲ. ನಿಮಗೆ ಕೆಲಸ ಇರುವುದು ಅಲ್ಲೇ.

1. ಚಿಟ್ಟೆ ಆಮೇಲೆ, ಮೊದಲು ಪ್ರಶ್ನೆ

ಇದು ಈ ಲೇಖನದ ಮುಖ್ಯ ಮಾತು, ಅದಕ್ಕೇ ಮೊದಲು ಇಟ್ಟಿದ್ದೇನೆ. "ನನಗೆ ಚಿಟ್ಟೆ ಇಷ್ಟ" ಅನ್ನುವವರಿಗೆ ಯಾರೂ ಸಂಬಳ ಕೊಡುವುದಿಲ್ಲ. "ಚಿಟ್ಟೆಗಳ ಬಗ್ಗೆ ಇಂಥದ್ದೊಂದು ಗೊತ್ತಿಲ್ಲ, ಅದನ್ನು ನಾನು ಹೀಗೆ ಕಂಡುಹಿಡಿಯಬಲ್ಲೆ" ಅನ್ನುವವರಿಗೆ ಕೊಡುತ್ತಾರೆ.

ಒಂದು ಹಳೆಯ ಪ್ರಶ್ನೆಯನ್ನೇ ನೋಡಿ. ಹೆನ್ರಿ ವಾಲ್ಟರ್ ಬೇಟ್ಸ್ ಅಂತ ಒಬ್ಬ ಇಂಗ್ಲೆಂಡಿನವ. ಹದಿಮೂರಕ್ಕೇ ಶಾಲೆ ಬಿಟ್ಟು, ಕಾಲುಚೀಲದ ವ್ಯಾಪಾರಿಯ ಹತ್ತಿರ ಕೆಲಸ ಕಲಿಯಲು ಸೇರಿದ್ದವ. 1848ರಲ್ಲಿ ಗೆಳೆಯ ಆಲ್ಫ್ರೆಡ್ ರಸೆಲ್ ವಾಲೇಸ್ ಜೊತೆ ಅಮೆಜಾನಿಗೆ ಹೋದ. ಅಲ್ಲೇ 11 ವರ್ಷ ಉಳಿದ. ಅವನ ಬಲೆಗೆ ಬಿದ್ದ ಕೆಲವು ಚಿಟ್ಟೆಗಳು ಒಂದು ತಲೆನೋವು ತಂದವು. ರೆಕ್ಕೆ ನೋಡಿದರೆ ಕಿತ್ತಳೆ, ಕಪ್ಪು, ಹಳದಿ ಪಟ್ಟೆಯ ಕಹಿ ಚಿಟ್ಟೆಗಳೇ. ಕಾಲು, ರೆಕ್ಕೆಯ ನರಗಳನ್ನು ನೋಡಿದರೆ ಅವು ಬಿಳಿ ಚಿಟ್ಟೆಗಳ ಕುಟುಂಬಕ್ಕೆ ಸೇರಿದ್ದವು! ಹಕ್ಕಿಗಳು ಕಹಿ ಚಿಟ್ಟೆಯನ್ನು ಮುಟ್ಟುವುದಿಲ್ಲ. ಅದರ ವೇಷ ಹಾಕಿದ ರುಚಿಯಾದ ಚಿಟ್ಟೆಯೂ ಬಚಾವಾಗುತ್ತದೆ. 1862ರಲ್ಲಿ ಬೇಟ್ಸ್ ಇದನ್ನು ಬರೆದ. ಇದಕ್ಕೆ ಮಿಮಿಕ್ರಿ, ಅಂದರೆ ಅಣಕವೇಷ, ಎನ್ನುತ್ತಾರೆ. ಆಮೇಲೆ ಬ್ರೆಜಿಲ್‌ನಲ್ಲಿದ್ದ ಫ್ರಿಟ್ಜ್ ಮುಲ್ಲರ್ ಇನ್ನೊಂದು ತಕರಾರು ಎತ್ತಿದ. ಸರಿ, ಆದರೆ ಎರಡೂ ಕಹಿಯಾಗಿದ್ದರೂ ಒಂದೇ ವೇಷ ಯಾಕೆ? ಅದಕ್ಕೆ ಅವನೇ ಉತ್ತರವನ್ನೂ ಕೊಟ್ಟ. ಕಹಿ ಅಂತ ಕಲಿಯುವ ಮೊದಲು ಮರಿಹಕ್ಕಿ ಒಂದಷ್ಟು ಚಿಟ್ಟೆ ಕೊಂದೇ ಕೊಲ್ಲುತ್ತದೆ. ವೇಷ ಒಂದೇ ಆದರೆ ಆ ನಷ್ಟ ಎರಡು ಜಾತಿಗಳಿಗೂ ಹಂಚಿಹೋಗುತ್ತದೆ.

ಅಲ್ಲಿಗೆ ಮುಗಿಯಲಿಲ್ಲ. 2012ರಲ್ಲಿ ಹೆಲಿಕೋನಿಯಸ್ ಎಂಬ ದಕ್ಷಿಣ ಅಮೆರಿಕದ ಚಿಟ್ಟೆಯ ಪೂರ್ತಿ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ ಬರಹ, ಓದಿದಾಗ ಬಣ್ಣದ ಜೀನ್‌ಗಳನ್ನು ಒಂದು ಜಾತಿ ಇನ್ನೊಂದರಿಂದ ಮಿಶ್ರ ಸಂತಾನದ ಮೂಲಕ ಪಡೆದಿದೆ ಅಂತ ಗೊತ್ತಾಯಿತು. 2014ರಲ್ಲಿ ಕೃಷ್ಣಮೇಘ ಕುಂಟೆ ಮತ್ತು ಜೊತೆಗಾರರು ಏಷ್ಯಾದ ಕಾಮನ್ ಮಾರ್ಮನ್ ಚಿಟ್ಟೆಯ ಹೆಣ್ಣುಗಳ ವೇಷವನ್ನು ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ನಿಯಂತ್ರಿಸುತ್ತದೆ ಅಂತ ತೋರಿಸಿದರು. ಒಂದೇ ಪ್ರಶ್ನೆ ನೂರೈವತ್ತು ವರ್ಷ ಎಷ್ಟು ಜನಕ್ಕೆ ಕೆಲಸ ಕೊಟ್ಟಿದೆ, ಅಲ್ವಾ?

ನಿಮ್ಮ ಪ್ರಶ್ನೆ ಇಷ್ಟು ದೊಡ್ಡದಾಗಿರಬೇಕಿಲ್ಲ. ಯಾವ ಬಗೆಯದು ಅನ್ನುವುದು ಗೊತ್ತಿದ್ದರೆ ಸಾಕು. "ಇದು ಯಾವ ಜಾತಿ?" ಅನ್ನುವುದು ವರ್ಗೀಕರಣ. "ಇಲ್ಲಿ ಎಷ್ಟಿವೆ, ಯಾಕಿವೆ?" ಅನ್ನುವುದು ಪರಿಸರ ವಿಜ್ಞಾನ. "ಈ ಬಣ್ಣ ಎಲ್ಲಿಂದ ಬಂತು?" ಅನ್ನುವುದು ವಿಕಾಸ ಮತ್ತು ತಳಿ ವಿಜ್ಞಾನ. "ಕಾಡು ಕಡಿದ ಮೇಲೆ ಏನಾಯ್ತು?" ಅನ್ನುವುದು ಸಂರಕ್ಷಣೆ. ಓದು, ಗೈಡು, ನೌಕರಿ ಎಲ್ಲ ಈ ಆಯ್ಕೆಯ ಹಿಂದೆ ಬರುತ್ತವೆ.

ಎಡವುವ ಜಾಗ: "ಯಾವುದಾದ್ರೂ ಸರಿ ಸರ್, ಚಿಟ್ಟೆ ಇದ್ರೆ ಸಾಕು" ಅನ್ನುವುದು. ವಿನಯ ಅಂತ ನೀವು ಅಂದುಕೊಂಡಿರುತ್ತೀರಿ. ಕೇಳುವವರಿಗೆ ಅದು ಯೋಚನೆ ಮಾಡಿಲ್ಲ ಅಂತ ಕೇಳಿಸುತ್ತದೆ.

2. ಓದು: ಗಿಡ ಬಿಡಬೇಡಿ, ಲೆಕ್ಕ ಬಿಡಬೇಡಿ

ಪದವಿಗೆ ಪ್ರಾಣಿಶಾಸ್ತ್ರ, ಜೀವಶಾಸ್ತ್ರ, ಪರಿಸರ ವಿಜ್ಞಾನ, ಕೃಷಿ ಅಥವಾ ಅರಣ್ಯ ವಿಜ್ಞಾನ ಯಾವುದಾದರೂ ನಡೆಯುತ್ತದೆ. "ಚಿಟ್ಟೆ ವಿಜ್ಞಾನ" ಅಂತ ಪದವಿ ಹುಡುಕುತ್ತಾ ಕೂರಬೇಡಿ. ಕೋರ್ಸಿನ ಹೆಸರಿಗಿಂತ ಒಳಗೆ ನೀವು ಏನು ಕಲಿತಿರಿ ಅನ್ನುವುದೇ ಲೆಕ್ಕಕ್ಕೆ ಬರುವುದು.

ಸಸ್ಯಶಾಸ್ತ್ರವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ದೊಡ್ಡ ತಪ್ಪು. ಚಿಟ್ಟೆಯ ಅರ್ಧ ಬದುಕು ಹುಳುವಾಗಿಯೇ ಕಳೆಯುತ್ತದೆ. ಹುಳುವಿನ ಬದುಕು ಅಂದರೆ ಗಿಡ. ಹುಳು ತಿಂದು ಬೆಳೆಯುವ ಗಿಡಕ್ಕೆ ಆತಿಥೇಯ ಸಸ್ಯ ಎನ್ನುತ್ತಾರೆ. ಅದನ್ನು ಗುರುತಿಸಲು ಬಾರದವರಿಗೆ ಕಾಡಿನಲ್ಲಿ ಮೊಟ್ಟೆಯೂ ಸಿಗದು, ಹುಳುವೂ ಸಿಗದು. 1699ರಲ್ಲಿ ಮರಿಯಾ ಸಿಬಿಲ್ಲಾ ಮೆರಿಯನ್ ಎಂಬ ಮಹಿಳೆ ಸುರಿನಾಮಿನ ಕಾಡಿಗೆ ಹೋದಾಗ ಹುಳು, ಕೋಶ, ಚಿಟ್ಟೆ ಮೂರನ್ನೂ ಅವುಗಳ ಗಿಡದ ಮೇಲೇ ಇಟ್ಟು ಚಿತ್ರ ಬರೆದಳು. ಅವಳಿಗೆ ಆಗಲೇ ಹೊಳೆದದ್ದು ನಮ್ಮ ಎಷ್ಟೋ ಪಠ್ಯಕ್ರಮಗಳಿಗೆ ಇನ್ನೂ ಹೊಳೆದಿಲ್ಲ.

ಗಿಡ ಗೊತ್ತಿದ್ದರೆ ಏನು ಕಾಣುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. ಹೆಲಿಕೋನಿಯಸ್ ಹೆಣ್ಣು ಪ್ಯಾಶನ್ ಹಣ್ಣಿನ ಜಾತಿಯ ಬಳ್ಳಿಯ ಮೇಲೆ ಮೊಟ್ಟೆ ಇಡುತ್ತದೆ. ಎಲೆಯ ಮೇಲೆ ಆಗಲೇ ಮೊಟ್ಟೆ ಇದ್ದರೆ ಅದು ಹೆಚ್ಚಾಗಿ ಬೇರೆ ಎಲೆ ಹುಡುಕುತ್ತದೆ. ಹುಳುಗಳು ಒಂದನ್ನೊಂದು ತಿಂದುಹಾಕುವುದುಂಟು, ಅದಕ್ಕೆ. ಕೆಲವು ಬಳ್ಳಿಗಳ ಎಲೆಯ ಮೇಲೆ ಥೇಟ್ ಚಿಟ್ಟೆ ಮೊಟ್ಟೆಯಂಥ ಹಳದಿ ಚುಕ್ಕೆಗಳಿರುತ್ತವೆ. ಬಳ್ಳಿಯೇ ಬೆಳೆಸಿಕೊಂಡ ಸುಳ್ಳು ಮೊಟ್ಟೆ! ಗಿಡ ಮತ್ತು ಚಿಟ್ಟೆ ಹೀಗೆ ಒಂದಕ್ಕೊಂದು ತಂತ್ರ ಹೂಡುತ್ತಾ ಜೊತೆಜೊತೆಗೆ ಬದಲಾಗುವುದಕ್ಕೆ ಸಹವಿಕಾಸ ಎನ್ನುತ್ತಾರೆ. 1964ರಲ್ಲಿ ಪಾಲ್ ಎರ್ಲಿಕ್ ಮತ್ತು ಪೀಟರ್ ರೇವನ್ ಈ ಯೋಚನೆಯನ್ನು ಮುಂದಿಟ್ಟದ್ದು ಚಿಟ್ಟೆ ಮತ್ತು ಗಿಡಗಳ ಪಟ್ಟಿ ಹಿಡಿದುಕೊಂಡೇ.

ಇನ್ನೊಂದು ಸಂಖ್ಯಾಶಾಸ್ತ್ರ. ಕಾಡಿನಲ್ಲಿ ಎಣಿಸಿ ತಂದದ್ದು ಬರೀ ಅಂಕಿ. ಅದರಿಂದ ಮಾತು ಹೊರಡಿಸಲು ಲೆಕ್ಕ ಬೇಕು. 'ಆರ್' ಎಂಬ ಪ್ರೋಗ್ರಾಮಿಂಗ್ ಭಾಷೆ ಉಚಿತವಾಗಿ ಸಿಗುತ್ತದೆ, ಈ ಕ್ಷೇತ್ರದಲ್ಲಿ ಬಹಳ ಜನ ಅದನ್ನೇ ಬಳಸುತ್ತಾರೆ. ಪದವಿಯ ಎರಡನೇ ವರ್ಷದಲ್ಲೇ ಶುರು ಮಾಡಿ. ಎಂಜಿನಿಯರಿಂಗ್ ಅಥವಾ ಸಾಫ್ಟ್‌ವೇರಿನಿಂದ ಬರುವವರೇ, ಇಲ್ಲಿ ನೀವು ಉಳಿದವರಿಗಿಂತ ಮುಂದಿದ್ದೀರಿ. ಸುಮ್ನೆ ಕೀಳರಿಮೆ ಬೇಡ.

3. ಕಣ್ಣು ಪಳಗಿಸಿ

ಇದಕ್ಕೆ ಯಾರ ಅನುಮತಿಯೂ ಬೇಡ, ದುಡ್ಡೂ ಬೇಡ. ಒಂದು ಪುಸ್ತಕ, ಒಂದು ಪೆನ್ಸಿಲ್ ಸಾಕು. ನೀವಿರುವ ಕಡೆ ಸಿಗುವ ಚಿಟ್ಟೆಗಳನ್ನು ಹೆಸರು ಹಿಡಿದು ಗುರುತಿಸುವಷ್ಟು ಕಲಿಯಿರಿ. ಪ್ರತಿ ಸಲ ತಾರೀಖು, ಹೊತ್ತು, ಬಿಸಿಲಿತ್ತಾ ಮೋಡವಿತ್ತಾ, ಯಾವ ಹೂವಿನ ಮೇಲೆ ಕೂತಿತ್ತು, ಏನು ಮಾಡುತ್ತಿತ್ತು ಅಂತ ಬರೆಯಿರಿ. ಐನ್ಯಾಚುರಲಿಸ್ಟ್ ಥರದ ಆ್ಯಪ್‌ಗೆ ಫೋಟೋ ಹಾಕಿದರೆ ಬೇರೆಯವರು ಹೆಸರು ಹೇಳುತ್ತಾರೆ. ಆದರೆ ಮೊದಲು ನೀವೇ ಒಂದು ಹೆಸರು ಊಹಿಸಿ, ಆಮೇಲೆ ನೋಡಿ. ಇಲ್ಲದಿದ್ದರೆ ಕಲಿಯುವುದು ಆ್ಯಪ್, ನೀವಲ್ಲ.

ಫೋಟೋ ತೆಗೆಯುವವರಿಗೆ ಒಂದು ಮಾತು. ರೆಕ್ಕೆ ಬಿಚ್ಚಿ ಕೂತ ಚಂದದ ಚಿತ್ರದ ಜೊತೆಗೆ ರೆಕ್ಕೆ ಮಡಚಿದ ಚಿತ್ರವೂ ಇರಲಿ. ಎಷ್ಟೋ ಜಾತಿಗಳ ಗುರುತು ಇರುವುದು ರೆಕ್ಕೆಯ ಅಡಿಭಾಗದಲ್ಲಿ.

ಹುಳು ಸಾಕಿ ನೋಡಿ. ಮೊಟ್ಟೆಯಿಂದ ಚಿಟ್ಟೆಯವರೆಗೆ ಒಂದು ಜಾತಿಯನ್ನು ಪೂರ್ತಿ ಸಾಕಿದವರಿಗೆ ಹತ್ತು ಪಾಠ ಕೇಳಿದ್ದಕ್ಕಿಂತ ಜಾಸ್ತಿ ಗೊತ್ತಾಗುತ್ತದೆ. ಅದೇ ಗಿಡದ ತಾಜಾ ಎಲೆಯನ್ನೇ ಕೊಡಿ, ದಿನಾ ಹಿಕ್ಕೆ ತೆಗೆಯಿರಿ, ಡಬ್ಬಿಯೊಳಗೆ ತೇವ ಕಟ್ಟಲು ಬಿಡಬೇಡಿ. ಹುಳುವಿನಿಂದ ಒಂದು ದಿನ ಚಿಟ್ಟೆಯ ಬದಲು ಸಣ್ಣ ಕಣಜಗಳು ಹೊರಬರಬಹುದು. ಗಾಬರಿ ಬೇಡ, ಎಸೆಯಲೂ ಬೇಡ. ಅವು ಪರಾವಲಂಬಿ ಕಣಜ. ಹುಳುವಿನ ಒಳಗೆ ಮೊಟ್ಟೆ ಇಟ್ಟು ಹೋದ ಕಣಜದ ಮಕ್ಕಳು. ಅದನ್ನೂ ಬರೆದಿಡಿ, ಅದೂ ಮಾಹಿತಿಯೇ.

4. ಕಾಡಿಗೆ ಹೋಗಿ, ಇನ್ನೊಬ್ಬರ ಕೆಲಸಕ್ಕೆ

ಮೊದಲ ಸಲ ನಿಮ್ಮದೇ ಸಂಶೋಧನೆ ಅಂತ ಹೊರಡಬೇಡಿ. ಯಾರದಾದರೂ ಯೋಜನೆಯಲ್ಲಿ ಫೀಲ್ಡ್ ಸಹಾಯಕರಾಗಿ ಸೇರಿ. ಕೆಲಸ ನಿಮಗೆ ಒಗ್ಗುತ್ತದಾ ಅಂತ ಗೊತ್ತಾಗಲು ಮೂರು ತಿಂಗಳು ಸಾಕು. ಬೆವರು, ಜಿಗಣೆ, ಒಂದೇ ಥರದ ಊಟ, ಸಿಗ್ನಲ್ ಇಲ್ಲದ ಫೋನು. ಇದು ಆಗದು ಅಂತ ಅನ್ನಿಸಿದರೆ ನಾಚಿಕೆ ಪಡಬೇಕಿಲ್ಲ. ಲ್ಯಾಬಿನಲ್ಲೇ ಉಳಿದು ಒಳ್ಳೆಯ ಚಿಟ್ಟೆ ವಿಜ್ಞಾನ ಮಾಡಿದವರು ಬೇಕಾದಷ್ಟಿದ್ದಾರೆ.

ಉಷ್ಣವಲಯದಲ್ಲಿ ಇದಕ್ಕೆಂದೇ ಸಂಶೋಧನಾ ಕೇಂದ್ರಗಳಿವೆ. ಪನಾಮಾದಲ್ಲಿ ಸ್ಮಿತ್ಸೋನಿಯನ್ ಉಷ್ಣವಲಯ ಸಂಶೋಧನಾ ಸಂಸ್ಥೆ ಇದೆ. ಅದರ ಕೈಯಲ್ಲಿರುವ ಬಾರೊ ಕೊಲೊರಾಡೊ ದ್ವೀಪ ಮೊದಲು ಬರೀ ಗುಡ್ಡವಾಗಿತ್ತು. ಪನಾಮಾ ಕಾಲುವೆಗಾಗಿ ನದಿಗೆ ಅಣೆಕಟ್ಟು ಕಟ್ಟಿದಾಗ ಸುತ್ತ ನೀರು ತುಂಬಿ ದ್ವೀಪವಾಯಿತು. 1923ರಿಂದ ಅದು ಸಂರಕ್ಷಿತ. ಕೋಸ್ಟರಿಕಾದ ಲಾ ಸೆಲ್ವಾ ಕೇಂದ್ರವನ್ನು ನಡೆಸುವ ಉಷ್ಣವಲಯ ಅಧ್ಯಯನ ಸಂಘಟನೆ 1963ರಲ್ಲಿ ಶುರುವಾದದ್ದು. ವಿದ್ಯಾರ್ಥಿಗಳಿಗೆ ಫೀಲ್ಡ್ ಕೋರ್ಸ್ ನಡೆಸುತ್ತದೆ. ಬೋರ್ನಿಯೊದಲ್ಲಿ ದಾನುಂ ಕಣಿವೆಯ ಕೇಂದ್ರವಿದೆ.

ಕೆಲಸ ಕೇಳಿ ಬರೆಯುವ ಇಮೇಲ್ ಚಿಕ್ಕದಿರಲಿ. ನೀವು ಯಾರು, ಅವರ ಯಾವ ಕೆಲಸ ಓದಿದ್ದೀರಿ, ಅದರಲ್ಲಿ ನಿಮಗೆ ಹುಟ್ಟಿದ ಪ್ರಶ್ನೆ ಏನು, ಯಾವ ತಿಂಗಳು ಬಿಡುವಿದ್ದೀರಿ. ಅಷ್ಟೇ. ಒಂದೇ ಪತ್ರವನ್ನು ಐವತ್ತು ಜನಕ್ಕೆ ಕಳಿಸಿದರೆ ಐವತ್ತು ಜನಕ್ಕೂ ಗೊತ್ತಾಗುತ್ತದೆ. ಎರಡು ವಾರ ಉತ್ತರ ಬರದಿದ್ದರೆ ಒಂದು ಸಲ ನೆನಪಿಸಿ. ಅವರೂ ಕಾಡಿನಲ್ಲಿರಬಹುದು.

ಎಡವುವ ಜಾಗ: ಸಂಬಳವಿಲ್ಲದೆ ದುಡಿಸಿಕೊಳ್ಳುವ ಜಾಗಗಳಿವೆ, ನಿಮ್ಮಿಂದಲೇ ದುಡ್ಡು ತೆಗೆದುಕೊಳ್ಳುವ ಜಾಗಗಳೂ ಇವೆ. ಹೊರಡುವ ಮೊದಲು ಊಟ, ವಸತಿ, ಪ್ರಯಾಣ, ವಿಮೆ ಯಾರ ಖರ್ಚು ಅಂತ ಬರಹದಲ್ಲಿ ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕುವವರ ಹತ್ತಿರ ಹೋಗದಿರುವುದೇ ಒಳ್ಳೆಯದು.

ಅಲ್ಲಿ ನೀವು ಕಲಿಯಬೇಕಾದ ಕೆಲಸ ಮುಖ್ಯವಾಗಿ ಮೂರು.

ಮೊದಲನೆಯದು ನಡೆದು ಎಣಿಸುವುದು. ಗೊತ್ತುಪಡಿಸಿದ ದಾರಿಯಲ್ಲಿ ಒಂದೇ ವೇಗದಲ್ಲಿ ನಡೆಯಬೇಕು. ನಿಮ್ಮ ಮುಂದೆ 5 ಮೀಟರ್, ಮೇಲೆ 5 ಮೀಟರ್, ಎಡಬಲ ಸೇರಿ 5 ಮೀಟರ್. ಈ ಕಾಣದ ಪೆಟ್ಟಿಗೆಯೊಳಗೆ ಬಂದದ್ದು ಮಾತ್ರ ಲೆಕ್ಕಕ್ಕೆ. ಹೊರಗೆ ಎಂಥ ಅಪರೂಪದ್ದು ಹಾರಿದರೂ ಸೇರಿಸುವ ಹಾಗಿಲ್ಲ. ಇದನ್ನು ರೂಪಿಸಿದ ಅರ್ನೆಸ್ಟ್ ಪೊಲಾರ್ಡ್ ಹೆಸರಿನಲ್ಲಿ ಪೊಲಾರ್ಡ್ ನಡಿಗೆ ಎನ್ನುತ್ತಾರೆ. ಬ್ರಿಟನ್ನಿನಲ್ಲಿ 1976ರಿಂದ ಹೀಗೇ ಎಣಿಸುತ್ತಾ ಬಂದಿದ್ದಾರೆ. ಆದರೆ ಮಳೆಕಾಡಿನಲ್ಲಿ ಇದೊಂದನ್ನೇ ನಂಬಿದರೆ ಕೆಡುತ್ತೀರಿ. ಮರದ ತುದಿಯಲ್ಲಿ ಹಾರುವ ಚಿಟ್ಟೆಗಳು ನಿಮ್ಮ ಪೆಟ್ಟಿಗೆಗೆ ಇಳಿಯುವುದೇ ಇಲ್ಲ.

ಅದಕ್ಕೇ ಎರಡನೆಯದು, ಹಣ್ಣಿನ ಬಲೆ. ಉಷ್ಣವಲಯದ ಬಹಳ ಚಿಟ್ಟೆಗಳು ಹೂವಿನ ಕಡೆ ತಿರುಗಿಯೂ ನೋಡುವುದಿಲ್ಲ, ಕೊಳೆತ ಹಣ್ಣಿಗೆ ಬರುತ್ತವೆ. ಬಟ್ಟೆಯ ಉದ್ದ ಕೊಳವೆ, ಮೇಲೆ ಮುಚ್ಚಿರುತ್ತದೆ, ಕೆಳಗೆ ತೆರೆದಿರುತ್ತದೆ. ತೆರೆದ ಬಾಯಿಗೆ ಕೆಲವೇ ಬೆರಳು ಕೆಳಗೆ ಒಂದು ತಟ್ಟೆ. ತಟ್ಟೆಯಲ್ಲಿ ಎರಡು ದಿನ ಹುಳಿ ಬರಿಸಿದ ಬಾಳೆಹಣ್ಣು. ಚಿಟ್ಟೆ ಸಂದಿಯಿಂದ ಬರುತ್ತದೆ, ಕುಡಿಯುತ್ತದೆ, ಹೊರಡುವಾಗ ನೇರ ಮೇಲಕ್ಕೆ ಹಾರಿ ಕೊಳವೆಯೊಳಗೆ ಸಿಕ್ಕಿಬೀಳುತ್ತದೆ. ಹಗ್ಗ ಕಟ್ಟಿ ಮರದ ತುದಿಗೂ ಏರಿಸಬಹುದು. ದಿನಾ ನೋಡಲೇಬೇಕು. ನೋಡದಿದ್ದರೆ ಇರುವೆ, ಜೇಡ, ಹಲ್ಲಿಗಳಿಗೆ ನೀವೇ ಊಟ ಬಡಿಸಿದ ಹಾಗೆ.

ಮೂರನೆಯದು ಗುರುತು ಹಾಕಿ ಬಿಡುವುದು. ಇದಕ್ಕೆ ಕೈ ಪಳಗಬೇಕು. ಬಲೆಯ ಬಟ್ಟೆಯ ಹೊರಗಿನಿಂದಲೇ ರೆಕ್ಕೆ ಮಡಚಿಸಿ, ತೋರುಬೆರಳು ಹೆಬ್ಬೆರಳ ನಡುವೆ ನಾಲ್ಕೂ ರೆಕ್ಕೆಯನ್ನು ಬುಡದ ಹತ್ತಿರ ಒಟ್ಟಿಗೆ ಹಿಡಿಯಬೇಕು. ತುದಿ ಹಿಡಿದರೆ ಒದ್ದಾಡಿ ಹರಿದುಕೊಳ್ಳುತ್ತದೆ. ಎದೆ ಒತ್ತಿದರೆ ಸತ್ತೇಹೋಗುತ್ತದೆ. ಅಡಿಭಾಗದ ಮೇಲೆ ಮಾರ್ಕರ್ ಪೆನ್ನಿನಲ್ಲಿ ಒಂದು ಅಂಕಿ ಬರೆದು, ಎಲೆಯ ಮೇಲೆ ಕೂರಿಸಿ ಕೈ ಬಿಡಿ. ಬೆರಳಿಗೆ ಸ್ವಲ್ಪ ಬಣ್ಣದ ಹುಡಿ ಅಂಟಿರುತ್ತದೆ. ಅದು ರೆಕ್ಕೆಯ ಹುರುಪೆ. ಅಷ್ಟಕ್ಕೆ ಅದು ಸಾಯುವುದಿಲ್ಲ. ಆಮೇಲೆ ಹಿಡಿದವುಗಳಲ್ಲಿ ಎಷ್ಟಕ್ಕೆ ಅಂಕಿ ಇದೆ ಅನ್ನುವುದರಿಂದ ಒಟ್ಟು ಎಷ್ಟಿವೆ ಅಂತ ಅಂದಾಜು ಮಾಡುತ್ತಾರೆ. ಹೆಲಿಕೋನಿಯಸ್‌ಗಳು ತಿಂಗಳುಗಟ್ಟಲೆ ಬದುಕುತ್ತವೆ ಅಂತ ಗೊತ್ತಾದದ್ದೂ ಹೀಗೇ. ಅಷ್ಟು ಕಾಲ ಬದುಕಲು ಒಂದು ಕಾರಣ, ಅವು ಮಕರಂದದ ಜೊತೆ ಪರಾಗವನ್ನೂ ತಿನ್ನುತ್ತವೆ.

ಆರೋಗ್ಯದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹೋಗುವ ದೇಶಕ್ಕೆ ಬೇಕಾದ ಲಸಿಕೆಗಳನ್ನು ಮೊದಲೇ ವಿಚಾರಿಸಿ. ಕೆಲವು ದೇಶಗಳು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇಲ್ಲದೆ ಒಳಗೆ ಬಿಡುವುದಿಲ್ಲ. ಮಲೇರಿಯಾ, ಡೆಂಗಿ ತಮಾಷೆಯಲ್ಲ. ಒಬ್ಬರೇ ಕಾಡಿಗೆ ಹೋಗಬೇಡಿ. ಸ್ಥಳೀಯ ಭಾಷೆ ಒಂದಿಷ್ಟು ಕಲಿತು ಹೋಗಿ. ದಾರಿ ತೋರಿಸುವವರಿಗೆ ಚಿಟ್ಟೆಯ ಗಿಡ ನಿಮಗಿಂತ ಮೊದಲು ಗೊತ್ತಿರುತ್ತದೆ.

5. ಅನುಮತಿ ಪತ್ರ ಇಲ್ಲದೆ ಬಲೆ ಬೀಸಬೇಡಿ

ಅರ್ಧ ಜನ ಪೆಟ್ಟು ತಿನ್ನುವುದು ಇಲ್ಲೇ. ಸಾಮಾನ್ಯವಾಗಿ ಕಾಡಿಗೆ ಹೋಗಲು ಒಂದು, ಸಂಶೋಧನೆಗೆ ಒಂದು, ಮಾದರಿ ಸಂಗ್ರಹಕ್ಕೆ ಒಂದು, ಮಾದರಿಯನ್ನು ದೇಶದಿಂದ ಹೊರಗೆ ಕಳಿಸಲು ಇನ್ನೊಂದು ಅಂತ ಬೇರೆ ಬೇರೆ ಅನುಮತಿಗಳಿರುತ್ತವೆ. ಒಂದು ಸಿಕ್ಕಿತು ಅಂದರೆ ಎಲ್ಲ ಸಿಕ್ಕಿತು ಅಂತಲ್ಲ.

ದೇಶದೇಶಗಳ ನಡುವೆ ಎರಡು ಒಪ್ಪಂದಗಳ ಹೆಸರು ನೆನಪಿರಲಿ. ಸೈಟಿಸ್ ಅನ್ನುವುದು ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ, 1975ರಿಂದ ಜಾರಿಯಲ್ಲಿದೆ. ಬರ್ಡ್‌ವಿಂಗ್ ಅನ್ನುವ ದೊಡ್ಡ ರೆಕ್ಕೆಯ ಚಿಟ್ಟೆಗಳು ಅದರ ಪಟ್ಟಿಯಲ್ಲಿವೆ. ನಗೋಯಾ ಒಪ್ಪಂದ 2010ರಲ್ಲಿ ಆಗಿ 2014ರಲ್ಲಿ ಜಾರಿಗೆ ಬಂತು. ಒಂದು ದೇಶದ ಜೀವಸಂಪತ್ತಿನಿಂದ ಆದ ಲಾಭದಲ್ಲಿ ಆ ದೇಶಕ್ಕೂ ಪಾಲು ಸಿಗಬೇಕು ಅನ್ನುವುದು ಅದರ ತಿರುಳು. ಡಿಎನ್‌ಎ ತೆಗೆಯಲು ಒಂದು ಕಾಲು ಒಯ್ದರೂ ಪತ್ರ ಬೇಕಾಗಬಹುದು.

ಅನುಮತಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಚಿಟ್ಟೆಯ ಋತು ನಿಮ್ಮ ಕಡತಕ್ಕೆ ಕಾಯುವುದಿಲ್ಲ. ಒಂದು ವರ್ಷ ಮೊದಲೇ ಅರ್ಜಿ ಹಾಕಿ. ಆ ದೇಶದ ವಿಜ್ಞಾನಿಯೊಬ್ಬರನ್ನು ಶುರುವಿನಿಂದಲೇ ಜೊತೆ ಸೇರಿಸಿಕೊಳ್ಳಿ. ಬರೀ ಸಹಿಗಾಗಿ ಅಲ್ಲ, ಕೆಲಸಕ್ಕಾಗಿ.

6. ಚೀಟಿ ಇಲ್ಲದ ಚಿಟ್ಟೆ ಬರೀ ಅಲಂಕಾರ

ಸಂಗ್ರಹಿಸಿದ ಚಿಟ್ಟೆಯನ್ನು ರೆಕ್ಕೆ ಮಡಚಿ ತ್ರಿಕೋನದ ಕಾಗದದ ಲಕೋಟೆಯಲ್ಲಿಡುತ್ತಾರೆ. ಲಕೋಟೆಯ ಮೇಲೆ ದೇಶ, ಜಾಗ, ಜಿಪಿಎಸ್ ಅಂಕಿ, ಎತ್ತರ, ತಾರೀಖು, ಹಿಡಿದವರ ಹೆಸರು ಇರಬೇಕು. ಅದೇ ದಿನ, ಅದೇ ಜಾಗದಲ್ಲಿ ಬರೆಯಬೇಕು. ರಾತ್ರಿ ಬರೆದರಾಯ್ತು ಅಂದುಕೊಂಡರೆ ರಾತ್ರಿ ಹೊತ್ತಿಗೆ ಯಾವುದು ಹೊಳೆಯ ಆಚೆಯದು, ಯಾವುದು ಈಚೆಯದು ಅನ್ನುವುದೇ ಮರೆತಿರುತ್ತದೆ. ತಿಂಗಳನ್ನು ಅಕ್ಷರದಲ್ಲೋ ರೋಮನ್ ಅಂಕಿಯಲ್ಲೋ ಬರೆಯಿರಿ. 5/6 ಅಂದರೆ ಒಂದು ದೇಶದಲ್ಲಿ ಜೂನ್ 5, ಇನ್ನೊಂದರಲ್ಲಿ ಮೇ 6. ಪೆನ್ಸಿಲ್ ಬಳಸಿ. ಸ್ಪಿರಿಟ್ ತಾಗಿದರೆ ಬಾಲ್‌ಪೆನ್ನಿನ ಬರಹ ಹರಡಿ ಅಳಿಸಿಹೋಗುತ್ತದೆ.

ಮಳೆಕಾಡಿನ ದೊಡ್ಡ ಶತ್ರು ತೇವ. ನಾನು ಮೊದಲ ಸಲ ಹೋದಾಗ ಲಕೋಟೆಗಳನ್ನು ಒಣಗಿಸದೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಗಟ್ಟಿಯಾಗಿ ಮುಚ್ಚಿಟ್ಟೆ. ಭದ್ರವಾಗಿರಲಿ ಅಂತ. ಹತ್ತು ದಿನ ಬಿಟ್ಟು ತೆರೆದರೆ ಒಳಗೆ ಬಿಳಿ ಬೂಷ್ಟು, ಹತ್ತಿಯ ಹಾಗೆ. ಆರು ವಾರದ ದುಡಿಮೆಯಲ್ಲಿ ಅರ್ಧ ಹೋಯಿತು. ಮೊದಲು ಒಣಗಿಸಿ, ಆಮೇಲೆ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಮುಚ್ಚಿ. ಡಿಎನ್‌ಎಗೆ ಬೇಕಾದ ಕಾಲುಗಳನ್ನು ಬೇರೆ ಚಿಕ್ಕ ಬಾಟಲಿಯಲ್ಲಿ ಎಥನಾಲ್‌ನಲ್ಲಿಡಿ. ಎರಡರ ಮೇಲೂ ಒಂದೇ ಸಂಖ್ಯೆ ಇರಲಿ.

ನೋಟ್‌ಬುಕ್ಕಿನ ಪ್ರತಿ ಪುಟವನ್ನೂ ದಿನಾ ಫೋಟೋ ತೆಗೆದು ಬೇರೆ ಕಡೆ ಇಡಿ. 1852ರಲ್ಲಿ ವಾಲೇಸ್ ಅಮೆಜಾನಿನಿಂದ ವಾಪಸು ಹೊರಟಾಗ ನಡುಸಮುದ್ರದಲ್ಲಿ ಹಡಗಿಗೆ ಬೆಂಕಿ ಬಿತ್ತು. ಜೊತೆಗಿದ್ದ ಸಂಗ್ರಹವೆಲ್ಲ ಹೋಯಿತು. ಅವನ ಹತ್ತಿರ ಫೋನಿರಲಿಲ್ಲ, ನಿಮ್ಮ ಹತ್ತಿರ ಇದೆ.

ಚೀಟಿ ಯಾಕೆ ಇಷ್ಟು ಮುಖ್ಯ ಅಂದರೆ, ಮುಂದೆ ಏನು ಗೊತ್ತಾಗುತ್ತದೆ ಅಂತ ಈಗ ಗೊತ್ತಿರುವುದಿಲ್ಲ. ಕೋಸ್ಟರಿಕಾದಲ್ಲಿ ಒಂದೇ ಜಾತಿ ಅಂತ ಅಂದುಕೊಂಡಿದ್ದ ಒಂದು ಸ್ಕಿಪ್ಪರ್ ಚಿಟ್ಟೆ ಇತ್ತು. ಅದರ ಹುಳುಗಳನ್ನು ಯಾವ ಗಿಡದಿಂದ ತಂದದ್ದು ಅಂತ ವರ್ಷಗಟ್ಟಲೆ ಬರೆದಿಟ್ಟು ಸಾಕಿದ್ದರು. 2004ರಲ್ಲಿ ಡಿಎನ್‌ಎ ಬಾರ್‌ಕೋಡ್, ಅಂದರೆ ಜಾತಿ ಗುರುತಿಸಲು ಬಳಸುವ ಡಿಎನ್‌ಎಯ ಒಂದು ಚಿಕ್ಕ ತುಂಡು, ಓದಿದಾಗ ಹತ್ತು ಗುಂಪುಗಳು ಕಂಡವು. ಹುಳುವಿನ ಬಣ್ಣವೂ ಗಿಡವೂ ಬೇರೆ ಬೇರೆ ಅಂತ ಹಳೆಯ ಟಿಪ್ಪಣಿಗಳೇ ಹೇಳುತ್ತಿದ್ದವು. ಹತ್ತೋ, ಅದಕ್ಕಿಂತ ಕಡಿಮೆಯೋ ಅಂತ ಆಮೇಲೆ ವಾದ ನಡೆಯಿತು, ಅದು ಬೇರೆ ಮಾತು. ಟಿಪ್ಪಣಿ ಇಲ್ಲದಿದ್ದರೆ ವಾದ ಮಾಡಲೂ ಏನೂ ಇರುತ್ತಿರಲಿಲ್ಲ.

7. ಪಿಎಚ್‌ಡಿ: ಜಾಗಕ್ಕಿಂತ ಗೈಡು ನೋಡಿ

ಸ್ನಾತಕೋತ್ತರ ಮುಗಿಸಿ ಪಿಎಚ್‌ಡಿ ಅಂದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವರ್ಷ. ಕೆಲವು ದೇಶಗಳಲ್ಲಿ ಪದವಿಯಾದ ಮೇಲೆ ನೇರ ಸೇರಬಹುದು. ಸೇರುವ ಮೊದಲು ಗೈಡ್ ಜೊತೆ ಮಾತಾಡುವುದಲ್ಲದೆ, ಅವರ ಹಳೆಯ ವಿದ್ಯಾರ್ಥಿಗಳ ಜೊತೆ ಅವರಿಲ್ಲದಾಗ ಮಾತಾಡಿ. ಮೂರು ವಿಷಯ ಕೇಳಿ. ವಿದ್ಯಾರ್ಥಿಯ ಪ್ರಬಂಧದಲ್ಲಿ ಮೊದಲ ಹೆಸರು ಯಾರದಿರುತ್ತದೆ? ಫೀಲ್ಡ್ ಖರ್ಚು ಯಾರು ಕೊಡುತ್ತಾರೆ? ಓದು ಬಿಟ್ಟುಹೋದವರು ಯಾಕೆ ಬಿಟ್ಟರು? ಮೂರನೆಯದಕ್ಕೆ ಸಿಗುವ ಉತ್ತರ, ಅಥವಾ ಮೌನ, ಬಹಳ ಹೇಳುತ್ತದೆ.

ಕಾಡನ್ನು ಪೂರ್ತಿ ನಂಬಿ ಯೋಜನೆ ಹಾಕಬೇಡಿ. ಮಳೆ ಕೈಕೊಟ್ಟ ವರ್ಷ ನಿಮ್ಮ ಚಿಟ್ಟೆ ಬರದೇ ಇರಬಹುದು. ಒಂದು ಅಧ್ಯಾಯವನ್ನಾದರೂ ಮ್ಯೂಸಿಯಂ ಮಾದರಿಗಳ ಮೇಲೋ, ಲ್ಯಾಬಿನ ಮೇಲೋ ಇಟ್ಟುಕೊಳ್ಳಿ. ಆಫ್ರಿಕಾದ ಬೈಸೈಕ್ಲಸ್ ಅನಿನಾನಾ ಎಂಬ ಕಂದು ಚಿಟ್ಟೆ ಲ್ಯಾಬಿನಲ್ಲೇ ಆರಾಮಾಗಿ ಬೆಳೆಯುತ್ತದೆ. ಹುಳುವಿಗೆ ಮೆಕ್ಕೆಜೋಳದ ಎಳೆ ಪೈರು, ಚಿಟ್ಟೆಗೆ ಬಾಳೆಹಣ್ಣು. ಬೆಚ್ಚಗೆ ಬೆಳೆಸಿದರೆ ರೆಕ್ಕೆಯ ಮೇಲೆ ದೊಡ್ಡ ಕಣ್ಣಿನ ಗುರುತು ಬರುತ್ತದೆ, ತಂಪಿನಲ್ಲಿ ಬೆಳೆಸಿದರೆ ಚಿಕ್ಕದು. ಕಾಡಿನಲ್ಲಿ ಮಳೆಗಾಲದ ರೂಪ, ಒಣ ಕಾಲದ ರೂಪ ಅಂತ ಕಾಣುವುದೂ ಇದೇ. ಜೀನ್ ಒಂದೇ ಇದ್ದರೂ ಪರಿಸರ ನೋಡಿ ರೂಪ ಬದಲಾಗುವುದು ಹೇಗೆ ಅನ್ನುವುದಕ್ಕೆ ಈ ಸಾಧಾರಣ ಚಿಟ್ಟೆ ಎಷ್ಟೋ ಪಿಎಚ್‌ಡಿ ಕೊಟ್ಟಿದೆ. ನೋಡಲು ಚಂದವಿಲ್ಲ ಅಂತ ಬಿಟ್ಟಿದ್ದರೆ?

8. ಆಮೇಲಿನ ನೌಕರಿ

ಪಿಎಚ್‌ಡಿ ಆದ ಮೇಲೆ ಪೋಸ್ಟ್‌ಡಾಕ್, ಅಂದರೆ ಒಂದೆರಡು ವರ್ಷದ ತಾತ್ಕಾಲಿಕ ಸಂಶೋಧನಾ ಕೆಲಸ. ಒಂದು ಮುಗಿದರೆ ಇನ್ನೊಂದು, ಹೆಚ್ಚಾಗಿ ಬೇರೆ ಊರು, ಬೇರೆ ದೇಶ. ಪರ್ಮನೆಂಟ್ ಹುದ್ದೆಗಳು ಕಡಿಮೆ, ಕಾಯುವವರು ಜಾಸ್ತಿ. ಈ ಹೊತ್ತಿಗೆ ಮೂವತ್ತು ದಾಟಿರುತ್ತದೆ, ಮನೆ ಸಂಸಾರದ ಮಾತೂ ಬಂದಿರುತ್ತದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೇ ಹೇಳಿದೆ.

ವಿಶ್ವವಿದ್ಯಾಲಯ ಒಂದೇ ದಾರಿಯಲ್ಲ. ಮ್ಯೂಸಿಯಂಗಳಿಗೆ ಸಂಗ್ರಹ ನೋಡಿಕೊಳ್ಳುವ ತಜ್ಞರು ಬೇಕು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಫ್ಲೋರಿಡಾದ ಮೆಕ್‌ಗ್ವೈರ್ ಕೇಂದ್ರದಲ್ಲಿ ಲಕ್ಷಗಟ್ಟಲೆ ಚಿಟ್ಟೆ ಪತಂಗಗಳಿವೆ. ಸಂರಕ್ಷಣಾ ಸಂಸ್ಥೆಗಳು, ಅರಣ್ಯ ಮತ್ತು ಕೃಷಿ ಸಂಶೋಧನೆ, ಜೀವಂತ ಚಿಟ್ಟೆ ಉದ್ಯಾನಗಳು, ಜೀವವೈವಿಧ್ಯದ ದತ್ತಾಂಶ ನೋಡುವ ಕೆಲಸಗಳೂ ಇವೆ. ಲೆಕ್ಕ ಕಲಿತಿದ್ದರೆ ಚಿಟ್ಟೆ ಬಿಟ್ಟರೂ ಹೊಟ್ಟೆಪಾಡಿಗೆ ತೊಂದರೆಯಿಲ್ಲ.

ಪಕ್ಕದ ದಾರಿಯೂ ಒಂದಿದೆ. ಕಾದಂಬರಿಕಾರ ವ್ಲಾದಿಮಿರ್ ನಬೊಕೊವ್ 1940ರ ದಶಕದಲ್ಲಿ ಹಾರ್ವರ್ಡ್ ಮ್ಯೂಸಿಯಂನಲ್ಲಿ ಮೈಕ್ರೊಸ್ಕೋಪಿನ ಮುಂದೆ ಕೂತು ದಕ್ಷಿಣ ಅಮೆರಿಕದ ನೀಲಿ ಚಿಟ್ಟೆಗಳನ್ನು ವಿಂಗಡಿಸುತ್ತಿದ್ದ. ಅವುಗಳ ಪೂರ್ವಜರು ಏಷ್ಯಾದಿಂದ ಅಲೆ ಅಲೆಯಾಗಿ ಬಂದವು ಅಂತ 1945ರಲ್ಲಿ ಬರೆದ. 2011ರಲ್ಲಿ ಡಿಎನ್‌ಎ ನೋಡಿದವರು ಅವನ ಮಾತು ಸರಿ ಅಂದರು. ಅವನಿಗೆ ಜೀವಶಾಸ್ತ್ರದ ಡಿಗ್ರಿ ಇರಲಿಲ್ಲ. ಆದರೆ ಮೈಕ್ರೊಸ್ಕೋಪಿನ ಮುಂದೆ ವರ್ಷಗಟ್ಟಲೆ ಕೂತಿದ್ದ.

ಪದೇ ಪದೇ ಕೇಳುವ ಇನ್ನೆರಡು

"ನನಗೆ ಮೂವತ್ತೈದು, ತಡವಾಯ್ತಾ?" ಪಿಎಚ್‌ಡಿ ದಾರಿಗೆ ಸ್ವಲ್ಪ ಕಷ್ಟ, ಆಗದ್ದೇನಲ್ಲ. ಮೂರು, ನಾಲ್ಕನೆಯ ಹಂತಗಳಿಗಂತೂ ವಯಸ್ಸಿನ ಮಿತಿಯೇ ಇಲ್ಲ. ಒಂದೇ ದಾರಿಯಲ್ಲಿ ಹತ್ತು ವರ್ಷ ನಡೆದು ಎಣಿಸಿದ ಪುಸ್ತಕ ಯಾರ ಹತ್ತಿರ ಇದ್ದರೂ ವಿಜ್ಞಾನಿಗಳು ಹುಡುಕಿಕೊಂಡು ಬರುತ್ತಾರೆ.

"ಚಿಟ್ಟೆ ಕೊಲ್ಲಲೇಬೇಕಾ?" ಎಲ್ಲ ಪ್ರಶ್ನೆಗಳಿಗೂ ಬೇಕಿಲ್ಲ. ಎಣಿಸಲು, ನಡವಳಿಕೆ ನೋಡಲು, ಗುರುತು ಹಾಕಿ ಬಿಡಲು ಕೊಲ್ಲುವ ಮಾತೇ ಇಲ್ಲ. ಡಿಎನ್‌ಎಗೆ ಒಂದು ಕಾಲಿನ ತುಂಡು ತೆಗೆದು ಬಿಟ್ಟುಬಿಡುವುದುಂಟು. ಆದರೆ ಹೊಸ ಜಾತಿ ಅಂತ ಹೆಸರಿಡುವಾಗ ಎಲ್ಲರೂ ತೆಗೆದು ನೋಡಬಹುದಾದ ಮಾದರಿ ಮ್ಯೂಸಿಯಂನಲ್ಲಿರಬೇಕು ಅಂತಲೇ ಬಹುಪಾಲು ವರ್ಗೀಕರಣ ತಜ್ಞರು ಹೇಳುತ್ತಾರೆ. ಹೊಟ್ಟೆಯ ತುದಿಯ ಜನನಾಂಗ ಬಿಡಿಸಿ ನೋಡದೆ ಕೆಲವು ಜಾತಿಗಳನ್ನು ಬೇರೆ ಮಾಡಲು ಆಗುವುದೇ ಇಲ್ಲ. ಇದು ನಿಮಗೆ ಒಗ್ಗದು ಅಂತ ಈಗಲೇ ಗೊತ್ತಿದ್ದರೆ, ಗೈಡ್‌ಗೆ ಬರೆಯುವ ಮೊದಲ ಪತ್ರದಲ್ಲೇ ಹೇಳಿಬಿಡಿ. ಅದಕ್ಕೆ ತಕ್ಕ ಪ್ರಶ್ನೆಯನ್ನೇ ಆರಿಸಿಕೊಳ್ಳಬಹುದು.